ನಾಲ್ಕು ಗಂಟೆಯ ಗೋಡೆ

ರಾಯಚೂರಿನಲ್ಲಿ ಬಾಡಿಗೆ ಮನೆ ನೋಡಲು
ಏಪ್ರಿಲ್ಲಿನ ನಾಲ್ಕು ಗಂಟೆಗೇ ಹೋಗಬೇಕು.
ಬೆಳಿಗ್ಗೆ ಯಾವ ಮನೆಯೂ ಚೆಂದ,
ಸಂಜೆಗೆ ಎಲ್ಲವೂ ಸಂಭಾವಿತ.
ನಾಲ್ಕಕ್ಕೆ ಮಾತ್ರ ಗೋಡೆಗೆ ಸುಳ್ಳು ಹೇಳಲು ಬರುವುದಿಲ್ಲ.

ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ,
ನಡುವೆ ಈ ಕಟ್ಟಡದ ಹೆಸರು ಗೋದಾವರಿ ಎನ್‌ಕ್ಲೇವ್.
ನಲ್ಲಿಗೆ ನೀರು ಮೂರು ದಿನಕ್ಕೊಮ್ಮೆ.
ವಾಚ್‌ಮನ್ ಹುಲಿಗೆಪ್ಪ ನನ್ನ ಮುಖ ನೋಡಿ, ಖಾಲಿ ಕೈ ನೋಡಿ,
'ಮಷಿನ್ ಎಲ್ಲದರಿ? ಈ ತಿಂಗಳ ಬಿಲ್ ಆಗಲೇ ಕೊಟ್ಟೀರಲ್ಲ' ಅಂದ.
'ಇವತ್ತ ಮನಿ ನೋಡ್ಲಿಕ್ಕೆ ಬಂದೀನಿ.'
ಅವನಿಗೆ ನಂಬಿಕೆ ಬರಲು ಒಂದು ಮಹಡಿ ಹತ್ತಬೇಕಾಯಿತು.

ಹದಿನೇಳು ವರ್ಷ, ತಿಂಗಳಿಗೊಮ್ಮೆ,
ಈ ಊರಿನ ಹೊಸ್ತಿಲುಗಳ ಈಚೆ ನಿಂತವನು ನಾನು.
ಜೇಡರ ಬಲೆ, ಚಪ್ಪಲಿ ಸ್ಟ್ಯಾಂಡು,
ಮಿನುಗುವ ಕೆಂಪು ಚುಕ್ಕೆ, ಅಷ್ಟೇ ನನ್ನ ಪಾಲಿನ ಮನೆ.
ಒಳಗಿನದನ್ನೆಲ್ಲ ಯುನಿಟ್ಟುಗಳಿಂದ ಊಹಿಸುತ್ತಿದ್ದೆ:
ಇಲ್ಲಿ ಕೂಲರ್ ಬಂತು,
ಇಲ್ಲಿ ಬೀಗರು ಬಂದರು,
ಇಲ್ಲಿ ಬೀಗ ಬಿತ್ತು.

'ಲಿಫ್ಟ್ ಅದರಿ. ಕರೆಂಟ್ ಇದ್ರ ನಡೀತದ' ಎಂದವನು
ಯಾರ ಮುಂದೆ ಹೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡ.
ಇಬ್ಬರೂ ನಕ್ಕೆವು. ಹತ್ತಿದೆವು.

ಮುನ್ನೂರ ನಾಲ್ಕು. ಕೀಲಿ ಎರಡು ಸಲ ಜಾರಿತು.
ಹಳೆ ಸುಣ್ಣ, ಫಿನಾಯಿಲು, ಎಂದೋ ಹಾಕಿದ ಒಗ್ಗರಣೆ.
ಬಿಡಬೇಕೋ ಬೇಡವೋ ತಿಳಿಯದೆ
ಒಂದೇ ಚಪ್ಪಲಿ ಬಿಟ್ಟು ನಿಂತೆ.

ಫೋನಿನಲ್ಲಿ ಜಯಶೀಲಾ, ಆಗಷ್ಟೇ ಎದ್ದ ಕಣ್ಣು.
'ಹಾಲ್ ಬ್ಯಾಡ, ಹಾಲ್ ಎಲ್ಲಾರೂ ತೋರಸ್ತಾರ.
ಮಲಗೋ ಖೋಲಿ ಯಾವ ದಿಕ್ಕಿಗದ?'
ಊರೆಲ್ಲ ಎದ್ದಾಗ ಮಲಗುವವಳು.
ರಾತ್ರಿಯಿಡೀ ವಾರ್ಡಿನಲ್ಲಿ ಇನ್ನೊಬ್ಬರ ಜ್ವರ ಅಳೆದು ಬಂದು
ಹಾಸಿಗೆಗೇ ಜ್ವರ ಹಿಡಿದ ಮನೆಯಲ್ಲಿ ಆರು ಬೇಸಿಗೆ ಕಳೆದವಳು.
'ಪಡುವಣ' ಎನ್ನಲು ಬಾಯಿ ಬರಲಿಲ್ಲ.
'ಮೊದಲ ಅಡಿಗಿ ಮನಿ ನೋಡು' ಅಂದೆ.

ಕಪಾಟಿನ ಬಾಗಿಲ ಒಳಮೈಗೆ
ಪೆನ್ಸಿಲಿನಲ್ಲಿ ತಾರೀಖುಗಳ ಸಾಲು.
ಹೊಸ ಸಿಲಿಂಡರ್ ಹಚ್ಚಿದ ದಿನಗಳು.
ನನ್ನ ಕಣ್ಣು ತಂತಾನೇ ಕಳೆಯತೊಡಗಿತು:
ಮೂವತ್ತೆಂಟು ದಿನ, ನಲವತ್ತು, ಮೂವತ್ತೇಳು,
ಆಮೇಲೆ ಹತ್ತೊಂಬತ್ತು. ಹದಿನೆಂಟು.
ಬಾಣಂತಿಗೆ ಬಿಸಿನೀರು ಅಂದುಕೊಂಡೆ,
ನೋಡಲು ಬಂದವರಿಗೆಲ್ಲ ಚಹಾ.
ಆಮೇಲೆ ಅರವತ್ತೊಂದು.
ಎಪ್ಪತ್ನಾಲ್ಕು.
ಒಬ್ಬರಿಗಷ್ಟೇ ಬೇಯುವ ಅನ್ನ.
ಕೂಸನ್ನೆತ್ತಿಕೊಂಡು ಅವಳು ಎಲ್ಲಿಗೆ ಹೋದಳು?
ಕಂಡಿರದ ಯಾರಿಗಾಗಿಯೋ ನನ್ನ ಗಂಟಲು ಕಟ್ಟಿತು.

'ಇಲ್ಲಿದ್ದೋರು ಏನಾದ್ರು?'
'ಅವರಾ? ಕಾಲೇಜ್ ಹುಡುಗ್ರಿಗೆ ಡಬ್ಬಿ ಕಟ್ಟತಿದ್ರರಿ.
ಗ್ಯಾಸ್ ತುಟ್ಟಿ ಆತಂತ ಕರೆಂಟ್ ಒಲಿ ತಂದ್ರು.
ಈಗ ಗಂಜ್ ಕಡೆ ಸ್ವಂತ ಹೋಟೆಲ್. ಮಸ್ತ್ ನಡೀತದ.'

ಕರೆಂಟ್ ಒಲೆ.
ಮುನ್ನೂರ ನಾಲ್ಕರ ಅಂಕಿ ಒಮ್ಮೆಲೇ ಜಿಗಿದ ತಿಂಗಳು
ಮೀಟರ್ ಕೆಟ್ಟಿದೆಯೆಂದು ಬರೆದುಕೊಂಡವನು ನಾನೇ.

ಎಲ್ಲ ಕೇಳಿಸಿಕೊಂಡು ಫೋನಿನೊಳಗೆ ನಗುತ್ತಿದ್ದಳು.
'ಲೆಕ್ಕ ಸಾಕು. ಗ್ವಾಡಿ ಮುಟ್ಟು.'

ಮುಟ್ಟಿದೆ. ಎದೆಯೆತ್ತರದಲ್ಲಿ ರೊಟ್ಟಿ ಹಂಚು.
ಸೊಂಟದೆತ್ತರದಲ್ಲೂ ಅದೇ.
ಅವಳು ಬಿಡಲಿಲ್ಲ: 'ಇನ್ನ ಕೆಳಗ, ಇನ್ನ ಕೆಳಗ.'
ಕುಕ್ಕರಗಾಲಲ್ಲಿ ಕೂತು ಅಂಗೈ ಇಟ್ಟರೆ
ಮೊಣಕಾಲ ಕೆಳಗೆ ಗೋಡೆ ಮಡಕೆಯ ಮೈ.
ಹೊರಗೆ ಇಣುಕಿದೆ. ಟ್ರಾನ್ಸ್‌ಫಾರ್ಮರಿನ ಪಕ್ಕ ಒಂದು ಬೇವು,
ಮೂರನೇ ಮಹಡಿಗೆ ಅಷ್ಟರಮಟ್ಟಿಗೆ ಮಾತ್ರ ಬಂದು ಮುಟ್ಟಿದೆ.
'ಇನ್ನ ಎರಡ ವರ್ಷಕ್ಕ ಪೂರಾ ನೆರಳರಿ,'
ಹುಲಿಗೆಪ್ಪ ತಾನೇ ಮರ ಎಂಬಂತೆ ಮಾತು ಕೊಟ್ಟ.
'ಅಲ್ಲೀತನ ಚಾಪಿ ಹಾಸ್ಕೊಂಡ್ರಾತು,' ಅಂದಳು ಅವಳು,
'ಮಂಚ ನಮ್ಮವ್ವಗ ಕೊಡೂಣು.'

ಓನರು ಹೈದರಾಬಾದಿನಲ್ಲಿ.
ಹೆಸರು, ಮಂದಿ ಎಷ್ಟು, ಏನು ಉಣ್ಣುತ್ತೀರಿ,
ಹೆಂಡತಿ ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತಾಳೆ,
ಎಲ್ಲ ಅವರು ಇನ್ನು ಕೇಳಬೇಕು.

ಕೆಳಗಿಳಿದು, ರೂಢಿಯಂತೆ, ಮೀಟರ್ ಬೋರ್ಡಿಗೆ ಬಾಗಿದೆ.
ಮುನ್ನೂರ ನಾಲ್ಕು: ಹೋದ ವಾರ ನಾನು ಬರೆದ ಅಂಕಿಯೇ,
ಒಂದು ಯುನಿಟ್ಟೂ ಸರಿದಿಲ್ಲ.
ಗಾಜಿನ ಧೂಳನ್ನು ಅಂಗೈಯಿಂದ ಒರೆಸಿದೆ.
ಅಂಗೈ ಇನ್ನೂ ಬಿಸಿ.