ತಟ್ಟೆ ಹಿಡಿಯುವವನು

ಏಳಕ್ಕೆ ತಮಿಳು ಪೂಜೆ, ಎಂಟೂವರೆಗೆ ಕನ್ನಡ.
ಎರಡಕ್ಕೂ ತಟ್ಟೆ ಒಂದೇ, ಹಿಡಿಯುವವನೂ ಒಬ್ಬನೇ:
ಇನ್ನಾಸಪ್ಪ, ಕೆಜಿಎಫ್ ಗಣಿಯ ಮಾಜಿ ಟಿಂಬರ್‌ಮನ್,
ಮೊಣಕಾಲು ಎರಡೂ ಹೋದವನು.
ಪರಮಪ್ರಸಾದದ ಚೂರು ನೆಲಕ್ಕೆ ಬೀಳದ ಹಾಗೆ
ಗದ್ದದ ಕೆಳಗೆ ಹಿತ್ತಾಳೆ ತಟ್ಟೆ ಚಾಚುವುದು ನನ್ನ ಕೆಲಸ.
ಇಪ್ಪತ್ನಾಲ್ಕು ವರ್ಷ.

ಮುಖ ನೋಡುವವರು ಗುರುಗಳು.
ನಾನು ನೋಡುವುದು ನಾಲಿಗೆ.
ಎಲೆ ಅಡಿಕೆಯ ನಾಲಿಗೆ, ಜ್ವರದ ನಾಲಿಗೆ,
ರಾತ್ರಿಯ ಬ್ರಾಂದಿಯನ್ನು ಏಲಕ್ಕಿಯಲ್ಲಿ ಮುಚ್ಚಿಟ್ಟ ನಾಲಿಗೆ,
ಚೀಟಿ ದುಡ್ಡು ನುಂಗಿ ಮೂರು ಮನೆ ಬೀದಿಗೆ ತಂದ
ಸವರಿನಾಥನ ನಾಲಿಗೆ. ಗುಲಾಬಿ ಬಣ್ಣ, ಮಗುವಿನದರ ಹಾಗೆ.
ಅವನಿಗೆ ಕೊಡಬೇಡಿ ಎಂದು
ಯಾರೂ ಅರ್ಜಿ ಬರೆದಿರಲಿಲ್ಲ.

ಆರೋಗ್ಯಮೇರಿಯ ಮೇಲೆ ಬರೆದರು.
ನಮ್ಮ ವಾರ್ಡಿನ ಕೌನ್ಸಿಲರ್.
ಸರ್ಕಾರಿ ಆಸ್ಪತ್ರೆಯಲ್ಲಿ ಬಸಿರು ಇಳಿಸಲು ಒಂದು ಕೋಣೆ ಬೇಕೆಂದು
ಸಭೆಯಲ್ಲಿ ಕೈ ಎತ್ತಿದಳು,
ಎತ್ತಿದ ಕೈಯಿಂದಲೇ ಮೇಜು ಕುಟ್ಟಿದಳು.
ಪೇಪರಿನಲ್ಲಿ ಫೋಟೊ ಬಂತು, ಕತ್ತಿನ ಶಿಲುಬೆ ಸಮೇತ.
ಅರ್ಜಿಗೆ ನಲವತ್ತೆರಡು ಸಹಿ,
ಮೊದಲನೆಯದು ಸವರಿನಾಥನದು.

"ಗರ್ಭದಲ್ಲಿರೋದೂ ಜೀವವೇ ಇನ್ನಾಸಪ್ಪ,
ಇದು ನಾನು ಮಾಡಿದ್ದಲ್ಲ, ಬದಲಿಸೋಕೆ ನಾನ್ಯಾರು?"
ಎಂದರು ಫಾದರ್ ಸಂತಿಯಾಗಪ್ಪ, ಶನಿವಾರ ರಾತ್ರಿ.
ನಾನು ತಟ್ಟೆಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ.
ಹೌದು ಫಾದರ್, ಎಂದೆ.
ಹೌದೇ. ನನಗೂ ಹಾಗೇ ಅನ್ನಿಸುತ್ತದೆ.
ಆದರೆ ಸಹಾಯಮೇರಿಗೆ ಗುಂಡಿ ತೋಡಿಸಿದವನೂ ನಾನೇ.
ಹದಿನಾರು ವರ್ಷ, ಚಾಂಪಿಯನ್ ರೀಫಿನ ಹುಡುಗಿ,
ಯಾವನೋ ಕಾಂಪೌಂಡರು, ತುಕ್ಕು ಹಿಡಿದ ಸಾಮಾನು.
ಆಟೊದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋದವಳು ಆರೋಗ್ಯಮೇರಿ.
ಆ ರಕ್ತದ ಸೀರೆಯಲ್ಲೇ ಸಭೆಗೆ ಹೋದಳೆಂದು ಜನ ಹೇಳುತ್ತಾರೆ.
ಸುಳ್ಳು. ಬದಲಿಸಿಕೊಂಡು ಹೋದಳು,
ಒಗೆದ ಸೀರೆ ವಾರವೆಲ್ಲ ತಂತಿಯ ಮೇಲಿತ್ತು.

ಇನ್ನೊಂದು ಮಾತು ಇವರಿಗೆ ಹೇಳಲಿಲ್ಲ.
ಹಳೆಯ ಗುರುಗಳ ಕಿವಿಗೆ, ಜಾಲರಿಯ ಈಚೆಯಿಂದ, ಹೇಳಿ ಮುಗಿಸಿದ್ದು:
ಗಣಿ ಮುಚ್ಚಿದ ವರ್ಷ, ಐದನೆಯದು ಬೇಡವೆಂದು
ಹೆಂಡತಿಯನ್ನು ಬಂಗಾರಪೇಟೆಗೆ ರೈಲು ಹತ್ತಿಸಿದ್ದು,
ಅವಳು ಕಿಟಕಿಯಾಚೆಗೇ ನೋಡುತ್ತ ಕೂತದ್ದು.
ಮುದುಕರು ಬಹಳ ಹೊತ್ತು ಕೆಮ್ಮಿದರು.
"ಭಾನುವಾರದಿಂದ ತಟ್ಟೆ ಹಿಡಿಯೋಕೆ ಬಾ" ಎಂದರು.
ಅದೇ ಪ್ರಾಯಶ್ಚಿತ್ತ.
ಎಲ್ಲಿಯವರೆಗೆ ಎಂದು ಹೇಳದೆ ತೀರಿಕೊಂಡರು.

ಭಾನುವಾರ ಗಾಳಿ. ಸಯನೈಡ್ ದಿಬ್ಬದ ಬೂದಿ
ಬಾಗಿಲ ಸಂದಿಯಿಂದ ಪೀಠದ ಬಟ್ಟೆಯವರೆಗೂ.
ಸಾಲು ಸರಿಯಿತು. ಸವರಿನಾಥ ನುಂಗಿ,
ಎದೆ ಮುಟ್ಟಿಕೊಂಡು ಪಕ್ಕಕ್ಕಾದ.
ಅವನ ಹಿಂದೆ ಅವಳು. ಕೈ ಚಾಚಲಿಲ್ಲ, ಬಾಯಿ ತೆರೆದಳು.
ಮೊದಲ ಸಲ ನಾನು ನಾಲಿಗೆ ಬಿಟ್ಟು ಮುಖ ನೋಡಿದೆ.
ನಿದ್ದೆಗೆಟ್ಟ ಮುಖ, ಅಷ್ಟೇ.
ಫಾದರ್ ಬೆರಳಲ್ಲಿ ಪ್ರಸಾದ ನಿಂತೇಬಿಟ್ಟಿತು.
ಹಾಡುವವರು ಕೊನೆಯ ಚರಣ ಮುಗಿಸಿ
ಮತ್ತೆ ಮೊದಲಿಗೆ ಬಂದರು.
ಹಿಂದೆ ಯಾರೋ ಕೆಮ್ಮಿದರು, ಮುದುಕರ ಹಾಗೇ.
ನಾನು ಎತ್ತಿದೆನೋ, ಕೈ ತಾನೇ ಎದ್ದಿತೋ,
ತಟ್ಟೆ ಅವಳ ಕತ್ತಿನ ಶಿಲುಬೆಗೆ ತಗುಲಿ
ಸಣ್ಣಗೆ ಠಣ್ ಎಂದಿತು.
"ಕ್ರಿಸ್ತರ ಶರೀರ" ಎಂದರು ಫಾದರ್, ಗಂಟಲೊಣಗಿ.
"ಆಮೆನ್."

ಒಳಕೋಣೆಯಲ್ಲಿ ತಟ್ಟೆಯನ್ನು ಬೆಳಕಿಗೆ ಹಿಡಿದೆ.
ಯಾವುದು ಪ್ರಸಾದದ ಚೂರು, ಯಾವುದು ದಿಬ್ಬದ ಬೂದಿ,
ಕನ್ನಡಕ ಹಾಕಿದರೂ ಗೊತ್ತಾಗಲಿಲ್ಲ.
"ಸರಿ ಮಾಡಿದೆನೋ ಇಲ್ಲವೋ," ಎಂದರು ಫಾದರ್,
"ಧರ್ಮಾಧ್ಯಕ್ಷರಿಗೆ ನಾನೇ ಬರೀತೀನಿ."
ತಟ್ಟೆಗೆ ನೀರು ಹಾಕಿ ಬಟ್ಟಲಿಗೆ ಬಗ್ಗಿಸಿ
ಅರ್ಧ ಕುಡಿದು, ಮುಖ ಕಿವುಚಿ,
ಉಳಿದದ್ದನ್ನು ನನ್ನತ್ತ ಚಾಚಿದರು.
ಹೊರಗೆ ಆರೋಗ್ಯಮೇರಿ
ಆಗಲೇ ಟ್ಯಾಂಕರಿನವನ ಜೊತೆ ಜಗಳಕ್ಕೆ ನಿಂತಿದ್ದಳು,
ಮೇಲಿನ ಸಾಲಿನ ಮನೆಗಳಿಗೆ ನೀರು ಬಿಟ್ಟಿಲ್ಲವೆಂದು.