ಎರಡನೇ ಕೀಲಿ

ಜತ್ತಿನ ಸ್ಟ್ಯಾಂಡಿನಾಗ, ಪಾರ್ಸಲ್ ಖೋಲಿ ಬಾಜೂಕ,
ಹಸರು ಬಾಗಲದ ಸಣ್ಣ ಖೋಲಿ ಒಂದದ.
ಮ್ಯಾಲೆ ಮರಾಠಿ ಬೋರ್ಡು. ಕಂಡಕ್ಟರ ಓದಿ ಹೇಳಿದ:
"ಸಾತವ್ವಾ, ಕೂಸಿಗೆ ಹಾಲು ಕುಡಸೂ ತಾಯಂದಿರ ಖೋಲಿ.
ಸರಕಾರದ ಹುಕುಂ. ಎಲ್ಲಾ ಸ್ಟ್ಯಾಂಡಿನಾಗೂ ಇರಬೇಕು."
ಇತ್ತು. ಕೀಲಿ ಹಾಕಿತ್ತು.

ಕೀಲಿ ಖಿಲಾರೆ ಸಾಹೇಬರ ಡ್ರಾವರದಾಗ.
ಸಾಹೇಬರು ಚಹಾಕ್ಕ. ಚಹಾ ಮುಗಿದ್ರ ಊಟಕ್ಕ.
ಒಳಗ ಒಂದು ಬಾಕು, ಒಂದು ಫ್ಯಾನು, ಗ್ವಾಡಿಗೆ ಚಿತ್ರ:
ಆರು ತಿಂಗಳ ತನಕಾ ಎದಿಹಾಲು ಅಷ್ಟ,
ಹನಿ ನೀರೂ ಬ್ಯಾಡ, ಜೇನೂ ಬ್ಯಾಡ.
ಚಿತ್ರದ ತಾಯಿ ಮೈತುಂಬಿಕೊಂಡಾಳ, ನಗಲಿಕ್ಕತ್ತಾಳ.
ವಾರಕ್ಕೊಮ್ಮೆ ಆಕಿ ಮಾರಿ ಮ್ಯಾಲಿನ ಧೂಳ ನಾನ ಒರಸ್ತೀನಿ.

ನನ್ನ ಕೂಸಿನ ಹೊತ್ತಿನಾಗ ಸಡಕಿನ ಕೆಲಸ.
ನಲವತ್ತು ದಿನದ ಬಾಣಂತಿ, ತಲಿ ಮ್ಯಾಲೆ ಖಡಿ ಬುಟ್ಟಿ.
ಗಿಡಕ್ಕ ಜೋಳಿಗಿ, ಜೋಳಿಗ್ಯಾಗ ಅಂವ,
ಸಾಸಿವಿಯಷ್ಟು ಅಫೀಮು ನೆಕ್ಕಿ ಸುಮ್ಮ ಮಲಗಿದಾಂವ.
ಹನ್ನೆರಡಕ್ಕ ಎದಿ ತಾನ ಸೋರೂದು,
ಕುಬಸ ತೊಯ್ದು, ಡಾಂಬರದ ವಾಸನ್ಯಾಗ
ಹುಳಿಹಾಲಿನ ವಾಸನಿ ಕೂಡೂದು.
ಹುಕುಂ ಆಗಲೂ ಇತ್ತೇನೋ. ನಮ್ಮ ಸಡಕಿಗೆ ಬಂದಿರಲಿಲ್ಲ.

ಕಬ್ಬು ಕಡಿಯೂ ಸೊನ್ಯಾಳದಾಕಿ ಬಂದ ದಿನ
ಉಮದಿ ಬಸ್ಸಿಗೆ ಇಪ್ಪತ್ತು ಮಿನಿಟ ಇತ್ತು.
ಕೂಸು ಅತ್ತು ಅತ್ತು ನೀಲಿ.
ಆಕಿ ಬೋರ್ಡು ನೋಡಲಿಲ್ಲ, ಗ್ವಾಡಿ ನೋಡಿದಳು.
ಗ್ವಾಡಿ ಕಡೆ ಮಾರಿ ಮಾಡಿ ಕುಂತಳು,
ಅಲ್ಲೇ, ಗಂಡಸರು ಉಚ್ಚಿ ಹೊಯ್ಯೂ ಮೂಲ್ಯಾಗ.
ನಾ ಸೆರಗು ಹಿಡಕೊಂಡು ಅಡ್ಡ ನಿಂತೆ.
ಒಂದು ಸೆರಗು ಎಷ್ಟು ದೊಡ್ಡ ಖೋಲಿ ಆದೀತು?

ಮುಂದ ಧೂಳ ಒರಸೂ ದಿನ ಕೀಲಿ ಕೈಗೆ ಬಂತು.
ನಲವತ್ತು ರೂಪಾಯಿ. ಸ್ಟೋ ರಿಪೇರಿ ಲಾಡಸಾಬ
ಅಂಥಾದ್ದ ಇನ್ನೊಂದು ಮಾಡಿಕೊಟ್ಟ, ಯಾಕಂತ ಕೇಳಲಿಲ್ಲ.
ಅವತ್ತಿಂದ ಅದು ನನ್ನ ಸೆರಗಿನ ತುದ್ಯಾಗ ಗಂಟು.

ವರ್ಷದ ಕೊನಿಗೆ ಸಾಂಗಲಿಯಿಂದ ಬಂದ ಬಾಯಿಸಾಹೇಬ
ರಜಿಸ್ಟರ್ ತಗದಳು. ಉಪಯೋಗ ಮಾಡಿದವರು: ಸೊನ್ನಿ.
"ಯಾರೂ ಬರೂದಿಲ್ಲಂದ್ರ ಪಾರ್ಸಲಿಗೆ ಕೊಟ್ಟುಬಿಡ್ರಿ."
ಮರಾಠ್ಯಾಗ ಅಂದಳು. ಅಷ್ಟು ಮರಾಠಿ ನನಗ ತಿಳೀತದ.

ನನಗ ಬರಿಯಾಕ ಬರೂದಿಲ್ಲ.
ಅವರು ಊಟಕ್ಕ ಹ್ವಾದ ಮ್ಯಾಲೆ
ಪೆನ್ಸಿಲ್ ತುಂಡು ಹಿಡಕೊಂಡು ಬಾಕಿನ ಮ್ಯಾಲೆ ಕುಂತೆ.
ಮೊದಲ ಗೆರಿ ಸೊನ್ಯಾಳದಾಕಿಗೆ, ಒಳಗ ಬರದಿದ್ರೂ.
ಸಂಖದ ಅಕ್ಕತಂಗೇರು. ಬಳಿ ಮಾರಾಕಿ.
ಪರೀಕ್ಷಾ ಬರಿಯಾಕ ಬಂದಿದ್ದ ಸಣ್ಣ ಹುಡುಗಿ.
ಅವಳಿ ತಂದಾಕಿಗೆ ಒಂದೋ, ಎರಡೋ?
ಎರಡು ಹಾಕಿದೆ.

ಪುಟದ ಕೆಳಗ ಇನ್ನೂ ಜಾಗಾ ಇತ್ತು.
ನನಗೂ ಒಂದು ಹಾಕೂಣಂತ ಪೆನ್ಸಿಲ್ ಎತ್ತಿದೆ.
ಹೊರಗ ಯಾವುದೋ ಕೂಸು ಅಳಾಕ ಚಾಲೂ ಮಾಡಿತು.