ಬಿಟ್ಟ ಸ್ಥಳ

ಡೇಟನ್ನಿನ ಪಡುವಣ ಐದನೇ ಬೀದಿಯಲ್ಲಿ
ಮೊದಲು ಲಾಂಡ್ರಿಯಾಗಿದ್ದ ಕೋಣೆ ಅದು.
ಗೋಡೆಗೆ ಮೊಟ್ಟೆ ಟ್ರೇ ಬಡಿದು, ಹಳೆ ಕಂಬಳಿ ತೂಗಿ
ಸ್ಟುಡಿಯೋ ಅಂದೆವು.
ನಾನು ಟೇಪಿನವನು. ಗಂಟೆಗೆ ಹನ್ನೊಂದು ಡಾಲರ್ ಬಾಡಿಗೆ,
ಗಡಿಯಾರ ಯಾವತ್ತೂ ಮಾಲೀಕನ ಕಡೆ.

ಫ್ರಿಜ್ ಕಾರ್ಖಾನೆಯ ಎರಡನೇ ಪಾಳಿ ಬಿಟ್ಟ ಮೇಲೆ
ಬರುತ್ತಿದ್ದರು ಎಂಟು ಜನ,
ಉಗುರಿನ ಸಂದಿಯಲ್ಲಿ ಗ್ರೀಸು,
ಕಾಗದದ ಚೀಲದಲ್ಲಿ ಕರಿದ ಮೀನು.
ಬೇಸ್ ಹಿಡಿದ ಕ್ಲಿಯೋಫಸ್‌ದು ಒಂದೇ ಮಂತ್ರ:
"ಒಂದಕ್ಕೆ ಬೀಳ್ರೋ. ಎರಡು ಮೂರು ನಾಲ್ಕು
ಅವರವರ ಮನೆ ವ್ಯವಹಾರ.
ಒಂದು ಮಾತ್ರ ಎಲ್ಲರದು."
ಬಿದ್ದರು.
ಪಕ್ಕದ ಕ್ಷೌರದಂಗಡಿಯ ಎಣ್ಣೆ ಸೀಸೆಗಳು
ಕಪಾಟಿನ ಅಂಚಿಗೆ ನಡೆದು ಬಂದಿದ್ದವಂತೆ;
ಬೆಳಿಗ್ಗೆ ದೂರು.

ಮೊದಲ ಬದಿಗೆ ಹತ್ತು ರಾತ್ರಿ ಹಿಡಿಯಿತು.
ಊದುವವರು ಮೂವರು, ನಡುವಿನವನು ಓಝೆಲ್.
ಅವನ ಟ್ರಂಪೆಟ್ಟು
ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ:
ಚುಂಯ್. ಅಷ್ಟೇ, ಮುಗಿಯಿತು.

ಹನ್ನೊಂದನೇ ರಾತ್ರಿ ಅವನು ಬರಲಿಲ್ಲ.
ಡೆಟ್ರಾಯಿಟಿನ ಯಾವುದೋ ದೊಡ್ಡ ತಂಡ,
ನೇರಳೆ ಸ್ಯಾಟಿನ್ ಸೂಟು, ಬಸ್ಸಿನಲ್ಲೇ ಹಾಸಿಗೆಯಂತೆ.
ಲವೋನ್ ಮೈಕಿಗೇ ಬೈದಳು. ಟೇಪು ಓಡುತ್ತಿತ್ತು,
ಅಳಿಸಿದ್ದೇನೆ.
ಬೇರೆಯವನನ್ನು ಕರೆಸೋಣ ಅಂದೆ.
ಕ್ಲಿಯೋಫಸ್ ತಂತಿ ಒರೆಸುತ್ತ,
"ಬೇಡ. ಜಾಗ ಹಾಗೇ ಇರಲಿ.
ನೀವಿಬ್ಬರು ನಿಮ್ಮದು ಊದಿ. ಅವನದು ಬಂದಾಗ ಕಾಯಿರಿ."

ಕಾದರು. ಎರಡನೇ ಬದಿಯ ಮೂರನೇ ಹಾಡಲ್ಲಿ ಕೇಳಿ,
ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳದ ಹಾಗೆ
ನಾಲ್ಕೆಣಿಕೆಯಷ್ಟು ಮೌನ,
ಅದರೊಳಗೆ ಥ್ಯಾಡಿಯಸ್‌ನ ಡ್ರಮ್ ಸ್ಟೂಲು
ಕಿರ್ರೆನ್ನುವುದು.
ಪತ್ರಿಕೆಯವನೊಬ್ಬ ಅದನ್ನು ಪ್ರಯೋಗ ಅಂತ ಬರೆದ.
ಇರಲಿ.

ಐನೂರು ಪ್ರತಿ ಒತ್ತಿಸಿದೆವು, ನೂರ ಎಂಬತ್ತು ಹೋದವು.
ಮಿಕ್ಕವು ನನ್ನ ಮೆಟ್ಟಿಲ ಕೆಳಗಿದ್ದು
ಬಾಯ್ಲರ್ ಕೆಟ್ಟ ವರ್ಷ ಬಿಸಿಗೆ ಬಾಗಿ
ಬಟ್ಟಲಾದವು. ಒಂದೇ ಒಂದು ನೆಟ್ಟಗಿದೆ.

ಹೋದ ಮಾಗಿಯಲ್ಲಿ ಓಝೆಲ್ ಬಂದ.
ಎಪ್ಪತ್ತು ದಾಟಿದೆ. ಮುಂದಿನ ಹಲ್ಲಿಲ್ಲ,
ಟ್ರಂಪೆಟ್ಟು ಯಾವ ಗಿರವಿ ಅಂಗಡಿಯಲ್ಲೋ.
ಕೋಟು ಬಿಚ್ಚಲಿಲ್ಲ, "ಹಾಕು" ಅಂದ.
ಆ ಜಾಗ ಬಂತು.
ಅವನ ಮುಖ ನೋಡಲಾರದೆ ಮುಳ್ಳು ನೋಡುತ್ತಿದ್ದೆ.
ಬೊಚ್ಚುಬಾಯಲ್ಲಿ ಪಾ-ಪಾ-ಡಾ ಅಂದ,
ಅರ್ಧ ಬಡಿತ ತಡ.
"ಇನ್ನೊಂದ್ಸಲ."

ಮುಳ್ಳೆತ್ತಿ ಹಿಂದಕ್ಕಿಟ್ಟೆ.
ಇನ್ನೊಂದ್ಸಲ.
ಒಳಗೆ ಒಲೆ ಮೇಲಿನ ಮೀನು ಸೀದ ವಾಸನೆ.
ಸೀಯಲಿ.